ಕಾಕನ ದ್ವೀಪಕ್ಕೆ ಹೋಗದ ರಜೆ

ಒಂದು ಫೋನು ಮಾಡುವುದಿತ್ತು. ಎರಡು ನಿಮಿಷದ ಮಾತು. "ಕಾಕ, ಈ ಸಲ ಬರ್ಲಿಕ್ಕೆ ಆಗುವುದಿಲ್ಲ, ನಮಗಾಗಿ ಕಾಯಬೇಡಿ" ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲಿಕ್ಕೆ ನನಗೆ ಹದಿನೆಂಟು ದಿನ ಸಮಯವಿತ್ತು, ಮೊಬೈಲು ಇಡೀ ದಿನ ಕೈಯಲ್ಲೇ ಇತ್ತು, ನಾಲಿಗೆಯಂತೂ ನನಗೆ ಎಂದೂ ಕಮ್ಮಿ ಇದ್ದದ್ದಲ್ಲ. ಆದರೂ ಹೇಳಲಿಲ್ಲ. ಶಾಲೆಯಲ್ಲಿ ಮಕ್ಕಳು ಹೋಮ್‌ವರ್ಕ್ ಮಾಡದೆ ಬಂದು ತಲೆ ತಗ್ಗಿಸಿ ನಿಂತಾಗ "ಕಾರಣ ಹೇಳು" ಎಂದು ಜೋರು ಮಾಡುವವಳು ನಾನು. ಈಗ ನನ್ನನ್ನು ಯಾರಾದರೂ ಹಾಗೆ ನಿಲ್ಲಿಸಿ ಕೇಳಿದರೆ ಹೇಳಲಿಕ್ಕೆ ನೆಟ್ಟಗಿನ ಕಾರಣ ಒಂದೂ ಇಲ್ಲ.

ಕಾಕ ಎಂದರೆ ನನ್ನ ಚಿಕ್ಕಪ್ಪನಲ್ಲ, ನಮ್ಮ ಜಾತಿಯವರೂ ಅಲ್ಲ. ಲಕ್ಷದ್ವೀಪದ ಒಬ್ಬರು ಸಾಹೇಬರು. ಇಲ್ಲಿಯ ಮುಸ್ಲಿಮರು ಹಿರಿಯ ಗಂಡಸರನ್ನು ಕಾಕ ಎನ್ನುತ್ತಾರೆ. ಅಪ್ಪ ಹಾಗೆ ಕರೆದರು, ನಾವೂ ಹಾಗೇ ಕರೆದೆವು. ಅಪ್ಪನದ್ದು ಮಂಗಳೂರಿನ ಬಂದರಿನಲ್ಲಿ ಸಗಟು ಜೀನಸಿನ ಅಂಗಡಿ. ಅಲ್ಲಿಂದ ಅಕ್ಕಿ, ಬೇಳೆ, ಮೆಣಸು, ನೀರುಳ್ಳಿಯ ಮೂಟೆಗಳು ಹಡಗು ನಿಲ್ಲುವ ದಕ್ಕೆಗೆ ಹೋಗಿ, ಮಂಜಿ ಎನ್ನುವ ಮರದ ಹಡಗನ್ನು ಏರಿ, ದ್ವೀಪ ಸೇರುತ್ತಿದ್ದವು. ಕಾಕ ಅಂಥ ಒಂದು ಮಂಜಿಯ ತಂಡೇಲರು, ಅಂದರೆ ಅದನ್ನು ನಡೆಸುವ ಯಜಮಾನರು. ಮಾಲು ತುಂಬುವ ಎರಡು ಮೂರು ದಿನ ಅವರು ಊರಿನಲ್ಲಿ ಇರುತ್ತಿದ್ದರು. ಅದರಲ್ಲಿ ಒಂದು ಹೊತ್ತಾದರೂ ಜೆಪ್ಪುವಿನ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು ಎನ್ನುವುದು ಅಪ್ಪನ ಕಟ್ಟಪ್ಪಣೆ.

ಕಾಕ ಕೈಬೀಸಿಕೊಂಡು ಬಂದದ್ದು ನನಗೆ ನೆನಪಿಲ್ಲ. ಕಲ್ಲಿನಷ್ಟು ಗಟ್ಟಿಯಾಗಿ ಒಣಗಿಸಿದ ಮೀನು, ಬಾಳೆಲೆಯಲ್ಲಿ ಸುತ್ತಿದ ತೆಂಗಿನಕಾಯಿ ಬೆಲ್ಲದ ಉಂಡೆ, ಒಮ್ಮೆ ನನಗೆಂದೇ ಒಂದು ದೊಡ್ಡ ಕವಡೆ. ಮೂರನೆಯದೋ ನಾಲ್ಕನೆಯದೋ ಕ್ಲಾಸಿನಲ್ಲಿದ್ದಾಗ ನನ್ನನ್ನು ಎತ್ತಿಕೊಂಡು ಹಲಗೆ ದಾಟಿ ಮಂಜಿಯೊಳಗೆ ಕರೆದುಕೊಂಡು ಹೋಗಿ ದಿಕ್ಸೂಚಿ ತೋರಿಸಿದ್ದರು. "ನೋಡು ಮೋಳೇ, ಈ ಮುಳ್ಳು ನಮ್ಮ ಮನೆ ಎಲ್ಲಿ ಅಂತ ಹೇಳ್ತದೆ" ಎಂದಿದ್ದರು. ಮೋಳೇ ಎಂದರೆ ಅವರ ಮಲಯಾಳದಲ್ಲಿ ಮಗಳೇ ಎಂದು. ಆ ಮುಳ್ಳು ಉತ್ತರ ದಿಕ್ಕು ತೋರಿಸುತ್ತದೆ ಎಂದು ಗೊತ್ತಾದದ್ದು ಹೈಸ್ಕೂಲಿಗೆ ಹೋದ ಮೇಲೆ.

ಹೊರಡುವಾಗ ಅವರು ಅಪ್ಪನಿಗೆ ಪ್ರತಿಸಲವೂ ಹೇಳುವ ಮಾತು ಒಂದೇ: "ಧಣಿ, ಮನೆಯವರನ್ನೆಲ್ಲ ಕರಕೊಂಡು ಒಮ್ಮೆ ನಮ್ಮಲ್ಲಿಗೆ ಬರ್ಬೇಕು." ಅಪ್ಪ ಪ್ರತಿಸಲವೂ "ಬರುವ ಮಾರಾಯ, ಖಂಡಿತ ಬರುವ" ಎನ್ನುತ್ತಿದ್ದರು. ಮನಸ್ಸಿಲ್ಲದೆ ಹೇಳಿದ್ದಲ್ಲ. ಮಳೆಗಾಲದಲ್ಲಿ ಅಪ್ಪನಿಗೆ ಪುರುಸೊತ್ತು ಇರುತ್ತಿತ್ತು, ಆದರೆ ಆಗ ಮಂಜಿಗಳು ಕಡಲಿಗಿಳಿಯುವ ಹಾಗಿಲ್ಲ. ಮಳೆ ಮುಗಿದು ಮಂಜಿಗಳು ಹೊರಟವೆಂದರೆ ಅಂಗಡಿಯಲ್ಲಿ ಉಸಿರಾಡಲಿಕ್ಕೂ ಪುರುಸೊತ್ತಿಲ್ಲ. ಹೀಗೆ ಮೂವತ್ತು ವರ್ಷ ಕಳೆಯಿತು. ಅಪ್ಪ ತೀರಿಕೊಂಡದ್ದೂ ಒಂದು ಮಳೆಗಾಲದಲ್ಲಿ. ಕಾಕನಿಗೆ ಬರಲಿಕ್ಕಾಗಲಿಲ್ಲ. ಫೋನಿನಲ್ಲಿ ದೊಡ್ಡವರೊಬ್ಬರು ಹಾಗೆ ಅತ್ತದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದಾದ ಮೇಲೆ ಅಂಗಡಿ ಮುಚ್ಚಿದೆವು, ಅಮ್ಮನೂ ಹೋದಳು, ನಾನು ಹನ್ನೊಂದು ವರ್ಷ ಅವರಿಗೊಂದು ಫೋನು ಮಾಡಲಿಲ್ಲ.

ನನ್ನ ಗಂಡ ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವರು, ಈಗ ಕುಲಶೇಖರದಲ್ಲಿ ಎಸಿ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಗಲ್ಫಿನವರ ರಜೆ ಎಂದರೆ ಗೊತ್ತಲ್ಲ. ಮೂವತ್ತು ದಿನದಲ್ಲಿ ನಾಲ್ಕು ಮದುವೆ, ಎರಡು ಗೃಹಪ್ರವೇಶ, ಉಳಿದದ್ದು ನೆಂಟರ ಮನೆ ಸುತ್ತು. ಒಂದು ಮನೆ ತಪ್ಪಿದರೆ ಮುಂದಿನ ಎರಡು ವರ್ಷ ಅವರ ಮುಖ ದಪ್ಪ. ನಾವು ಗಂಡ ಹೆಂಡತಿ ಮಗಳು ಮೂವರೇ ಒಟ್ಟಿಗೆ ಒಂದು ಊರಿಗೆ ಹೋಗಿ ಎರಡು ದಿನ ಉಳಿದದ್ದು ಇಲ್ಲವೇ ಇಲ್ಲ. ಮಗಳು ಡಿಗ್ರಿಯ ಕೊನೆಯ ವರ್ಷಕ್ಕೆ ಬಂದಳು. ಇನ್ನು ಹೋಗದಿದ್ದರೆ ಯಾವಾಗ ಎಂದು ಕಳೆದ ಆಟಿ ತಿಂಗಳಲ್ಲಿ, ಹೊರಗೆ ಜಡಿಮಳೆ ಹೊಡೆಯುತ್ತಿದ್ದಾಗ, ಚಾ ಕುಡಿಯುತ್ತಾ ತೀರ್ಮಾನ ಮಾಡಿದೆವು. ದಸರಾ ರಜೆಯಲ್ಲಿ ನಾಲ್ಕು ದಿನ. ಯಾವುದಾದರೂ ದ್ವೀಪ.

"ಕಡಲು, ಹೊಯಿಗೆ, ತೆಂಗಿನಮರ ನೋಡ್ಲಿಕ್ಕೆ ಮಂಗಳೂರಿನವರು ಟಿಕೆಟು ಮಾಡಿ ಹೋಗುವುದಾ?" ಎಂದು ನಾನು ತಮಾಷೆ ಮಾಡಿದೆ. "ದೋಣಿಯಲ್ಲಿ ಬೆಂಗ್ರೆಗೆ ದಾಟಿದ್ರೆ ಮೂರೂ ಉಂಟಲ್ಲ."

"ಬೆಂಗ್ರೆಯಲ್ಲಿ ನೀಲಿ ನೀರು ಉಂಟಾ ಅಮ್ಮ?" ಎಂದಳು ಮಗಳು.

ನೀಲಿ ನೀರು ಎಂದದ್ದೇ ನನಗೆ ಕಾಕ ನೆನಪಾದರು. ಇಪ್ಪತ್ತು ವರ್ಷದಿಂದ ಸಮಾಜ ಪಾಠ ಮಾಡುತ್ತಿದ್ದೇನೆ. ಭೂಪಟದಲ್ಲಿ ಲಕ್ಷದ್ವೀಪ ಗುರುತಿಸಿ ಎಂದರೆ ಮಕ್ಕಳು ಪೆನ್ಸಿಲಿನಲ್ಲಿ ನಾಲ್ಕು ಚುಕ್ಕಿ ಇಡುತ್ತಾರೆ, ನಾನು ಮಾರ್ಕು ಕೊಡುತ್ತೇನೆ. ಆ ಚುಕ್ಕಿಯಲ್ಲಿ ಒಂದು ಮನೆಗೆ ನಮಗೆ ಮೂವತ್ತು ವರ್ಷದ ಕರೆಯೋಲೆ ಇತ್ತು. ಆದರೆ ನಿಜ ಹೇಳಬೇಕು. ಆ ಹೊತ್ತು ನನಗೆ ಕಾಕ ನೆನಪಾದದ್ದು ಪ್ರೀತಿಯಿಂದಲ್ಲ. ಅಲ್ಲಿಗೆ ಹೊರಗಿನವರು ಹೋಗಲಿಕ್ಕೆ ಪರ್ಮಿಟ್ ಬೇಕು, ಪರ್ಮಿಟ್ ಸಿಗಲಿಕ್ಕೆ ಅಲ್ಲಿಯವರೊಬ್ಬರು 'ಇವರು ನನ್ನ ಅತಿಥಿಗಳು' ಎಂದು ಸಹಿ ಹಾಕಬೇಕು ಎಂದು ಗಂಡ ಮೊಬೈಲಿನಲ್ಲಿ ಓದಿ ಹೇಳಿದ್ದರು. "ನನಗೆ ಅಲ್ಲಿ ಜನ ಉಂಟು" ಎಂದು ನಾನು ಜಂಬದಿಂದ ಹೇಳಿದೆ. ಊರಿನಲ್ಲಿ ಆಧಾರ್ ಕಚೇರಿಯಲ್ಲೋ ಆರ್‌ಟಿಓದಲ್ಲೋ 'ನಮ್ಮವರೊಬ್ಬರಿದ್ದಾರೆ' ಎನ್ನುತ್ತೇವಲ್ಲ, ಅದೇ ಧಾಟಿ.

ಬಂದರಿಗೆ ಹೋಗಿ ಅಪ್ಪನ ಪಕ್ಕದ ಅಂಗಡಿಯವರಲ್ಲಿ ಕೇಳಿ ಕಾಕನ ನಂಬರು ತಂದೆ. ಫೋನು ಎತ್ತಿದವರಿಗೆ ನನ್ನ ಹೆಸರು ಹೇಳಿದೆ, ಗುರುತಾಗಲಿಲ್ಲ. ಅಂಗಡಿಯ ಗುರುತು ಹೇಳಿದೆ. ಆಗ ಕಾಕ "ಧಣಿಯ ಮಗಳಾ?" ಎಂದರು. ಸ್ವರ ಮುದಿಯಾಗಿತ್ತು, ಕನ್ನಡ ಮಾತ್ರ ಹಾಗೇ ಇತ್ತು.

"ಬರುವುದಾ? ನೀವು ನಿಜವಾಗಿ ಬರುವುದಾ?" ಎಂದು ಮೂರು ಸಲ ಕೇಳಿದರು. ಸಹಿಯ ವಿಷಯ ಹೇಳಿದಾಗ ಅವರಿಗೆ ನಗು. "ಮನೆಗೆ ಬರುವವರಿಗೆ ಸಹಿ ಎಂತಕ್ಕೆ ಮೋಳೇ? ಸರಿ, ಅವರಿಗೆ ಬೇಕಾದ್ರೆ ಹಾಕ್ತೇನೆ. ಎಷ್ಟು ಬೇಕಾದ್ರೂ ಹಾಕ್ತೇನೆ."

ಅವರ ಮೊಮ್ಮಗಳು ಮಂಗಳೂರಿನಲ್ಲೇ ನರ್ಸಿಂಗ್ ಓದುತ್ತಿದ್ದಾಳೆಂದು ಆಗ ಗೊತ್ತಾಯಿತು. ಕಾಗದಪತ್ರದ ಕೆಲಸವೆಲ್ಲ ಅವಳ ಮೂಲಕವೇ ಆಯಿತು. ದ್ವೀಪದಿಂದ ಸಹಿ ಹಾಕಿದ ಕಾಗದದ ಫೋಟೊ ಅವಳಿಗೆ ಬರುತ್ತಿತ್ತು, ಅವಳು ನನಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಕಾಕನ ಸಹಿ ಅಪ್ಪನ ಲೆಕ್ಕದ ಪುಸ್ತಕದಲ್ಲಿ ನಾನು ನೋಡಿದ್ದ ಸಹಿಗಿಂತ ಬಹಳ ನಡುಗಿತ್ತು.

ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಕಾಕ ಫೋನು ಮಾಡಲು ಶುರು ಮಾಡಿದರು. ಒಂದು ವಾರ, ನಿಮ್ಮವರು ಕುಚಲಕ್ಕಿ ಉಣ್ಣುತ್ತಾರಾ ಬೆಳ್ತಿಗೆಯಾ ಎಂದು. ಇನ್ನೊಂದು ವಾರ, ಮಗಳಿಗೆ ಬೇರೆ ಕೋಣೆ ಬೇಕಾ, ಒಬ್ಬಳೇ ಮಲಗಲು ಹೆದರುತ್ತಾಳಾ ಎಂದು. ಮತ್ತೊಂದು ವಾರ, ನಿಮಗೆ ಹಡಗಿನಲ್ಲಿ ವಾಂತಿಯಾಗಬಹುದು, ಒಣ ನೆಲ್ಲಿಕಾಯಿ ಬಾಯಲ್ಲಿಟ್ಟುಕೊಳ್ಳಿ ಎಂದು. ನಾನು ಎಲ್ಲದಕ್ಕೂ "ಆಯ್ತು ಕಾಕ, ಆಯ್ತು" ಎಂದೆ. ಮನೆಯಲ್ಲಿ ನಡೆಯುತ್ತಿದ್ದ ಮಾತು ಬೇರೆಯೇ ಇತ್ತು.

ಮನೆಯಲ್ಲಿ ನಾವು ಕಾಕನಲ್ಲಿ ಉಳಿಯುವುದು ಹೇಗೆ ತಪ್ಪಿಸುವುದು ಎಂದು ಯೋಚಿಸುತ್ತಿದ್ದೆವು. ಅವರ ಮನೆಯಲ್ಲಿ ಉಳಿದರೆ ರಜೆ ಎಲ್ಲಿಯದು, ನಾಲ್ಕು ದಿನ ನೆಂಟರ ಮನೆಯ ಹಾಗೆಯೇ ಆಗುತ್ತದೆ ಎನ್ನುವುದು ಗಂಡನ ವಾದ. ಮಗಳಿಗೆ ಚಡ್ಡಿ ಹಾಕಿ ನೀರಿಗಿಳಿಯಬೇಕು, ಫೋಟೊ ತೆಗೆಯಬೇಕು, ಹಿರಿಯರ ಎದುರು ಅದು ಆಗುತ್ತದಾ? ನಮ್ಮ ನಾದಿನಿಯೊಬ್ಬಳು "ಅವರ ಮನೆಯಲ್ಲಿ ನಾಲ್ಕು ದಿನ ಉಣ್ಣುವುದಾ?" ಎಂದು ಮೂಗು ಮುರಿದಳು. ನಾನು ಅವಳಿಗೆ ಸರಿಯಾಗಿ ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಹೋಗಿ ಬಂದು, ಉಳಿದ ದಿನ ಪ್ರವಾಸಿಗಳ ಕಾಟೇಜಿನಲ್ಲಿ ಇರುವುದೆಂದು ತೀರ್ಮಾನವಾಯಿತು. "ಸಹಿ ಅವರದ್ದು, ರೂಮು ನಮ್ಮದು" ಎಂದು ಗಂಡ ಹೇಳಿದಾಗ ನಾವು ಮೂವರೂ ನಕ್ಕದ್ದು ನನಗೆ ಚೆನ್ನಾಗಿ ನೆನಪುಂಟು.

ಅಷ್ಟರಲ್ಲಿ ಪರ್ಮಿಟಿಗೆ ಪೊಲೀಸ್ ಸರ್ಟಿಫಿಕೇಟು ಬೇಕೆಂದಾಯಿತು. ಗಂಡ ಠಾಣೆಗೆ ಮೂರು ಸಲ ಅಲೆದರು. ಮೂರನೇ ಸಲ ಬಂದವರು ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡಿದರು. "ಗಲ್ಫಿಗೆ ಹೋಗುವಾಗ ಸಹ ಇಷ್ಟು ರಗಳೆ ಇರ್ಲಿಲ್ಲ ಮಾರಾಯ್ತಿ. ನಮ್ಮ ದೇಶದೊಳಗೆ ನಾವು ಹೋಗ್ಲಿಕ್ಕೆ ನಾನು ಕಳ್ಳ ಅಲ್ಲ ಅಂತ ಬರ್ಕೊಡ್ಬೇಕಾ?" ಹಡಗಿನ ಟಿಕೆಟು ಕೊಚ್ಚಿಯಿಂದ ಸಿಗಬಹುದು, ಸಿಗದಿರಲೂಬಹುದು, ಎರಡೂ ಗ್ಯಾರಂಟಿ ಇಲ್ಲ. ಆಗ ಅವರ ಗಲ್ಫಿನ ಸ್ನೇಹಿತರೊಬ್ಬರು ಫುಕೆಟಿನ ಪ್ಯಾಕೇಜು ಕಳಿಸಿದರು. ನಾಲ್ಕು ದಿನ, ಮೂರು ರಾತ್ರಿ, ಬೆಂಗಳೂರಿನಿಂದ ವಿಮಾನ. ವೀಸಾ ಬೇಡ, ಪೊಲೀಸ್ ಬೇಡ, ಯಾರ ಸಹಿಯೂ ಬೇಡ.

ಫುಕೆಟ್ ಥಾಯ್ಲೆಂಡಿನ ಒಂದು ಪ್ರಾಂತ್ಯ. ನಮ್ಮಲ್ಲಿ ಜಿಲ್ಲೆ ಇದ್ದ ಹಾಗೆ, ಆದರೆ ಒಂದು ದೊಡ್ಡ ದ್ವೀಪವೇ ಇಡೀ ಪ್ರಾಂತ್ಯ. ನಾನು ಮಕ್ಕಳಿಗೆ ಪಾಠ ಮಾಡುವ ಹಾಗೆ ಇದನ್ನು ಮನೆಯಲ್ಲಿ ವಿವರಿಸಿದೆ. ಮಗಳು ಆಗಲೇ ಮೊಬೈಲಿನಲ್ಲಿ ಅಲ್ಲಿಯ ನೀರಿನ ಬಣ್ಣ ತೋರಿಸುತ್ತಿದ್ದಳು. ಗಂಡನೂ ಮಗಳೂ ಸೇರಿ ನನ್ನನ್ನು ಒಪ್ಪಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಯಾರೂ ಒಪ್ಪಿಸುವ ಅಗತ್ಯ ಇರಲಿಲ್ಲ. ಇಷ್ಟು ವರ್ಷ ಗಂಡ ವಿಮಾನ ಹತ್ತುವುದನ್ನು ಬಜಪೆ ವಿಮಾನ ನಿಲ್ದಾಣದ ಗಾಜಿನ ಈಚೆ ನಿಂತು ನೋಡಿದವಳಿಗೆ ತಾನೂ ಒಮ್ಮೆ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳುವ ಆಸೆ ಇತ್ತು. ಅದೇ ಸಂಜೆ ಬುಕ್ ಮಾಡಿದೆವು.

ಮೂರು ದಿನ ಕಳೆದು ಲಕ್ಷದ್ವೀಪದ ಪರ್ಮಿಟ್ ಬಂತು. ಅದೇ ದಸರಾ ರಜೆಯ ತಾರೀಕುಗಳು. ನಮ್ಮ ಮೂವರ ಫೋಟೊ, ಕೆಳಗೆ ಆತಿಥ್ಯ ಕೊಡುವವರ ಹೆಸರಿನಲ್ಲಿ ಕಾಕನ ಹೆಸರು. ಗಂಡ ನೋಡಿ "ಅಯ್ಯೋ, ಈಗ ಬಂತಾ" ಎಂದರು. "ಕಾಕನಿಗೆ ಹೇಳಿಬಿಡು, ಪಾಪ."

"ನೀವೇ ಹೇಳಿ."

"ನಾನು ಹೇಳುವುದೆಂತ? ಅವರು ನಿನ್ನ ಅಪ್ಪನ ಜನ. ನೀನು ಹೇಳು."

ಆ ಶುಕ್ರವಾರ ಕಾಕನ ಫೋನು ಬಂತು. ಪರ್ಮಿಟ್ ಆದದ್ದು ಮೊಮ್ಮಗಳಿಂದ ಅವರಿಗೆ ಗೊತ್ತಾಗಿತ್ತು. "ಯಾವ ಹಡಗಿಗೆ ಬರುವುದು ಮೋಳೇ? ದೋಣಿ ಕಳಿಸ್ಬೇಕಲ್ಲ" ಎಂದರು. ದೊಡ್ಡ ಹಡಗು ಅವರ ದಡದವರೆಗೆ ಬರುವುದಿಲ್ಲ, ದೂರದಲ್ಲಿ ನಿಲ್ಲುತ್ತದೆ, ಜನರನ್ನು ದೋಣಿಯಲ್ಲಿ ಇಳಿಸಿ ತರಬೇಕು. ನನ್ನ ಬಾಯಲ್ಲಿ ಮಾತು ಸಿದ್ಧವಿತ್ತು. ಅವರ ಸ್ವರದಲ್ಲಿದ್ದ ಸಡಗರ ಕೇಳಿ ಅದು ಹೊರಗೆ ಬರಲಿಲ್ಲ. "ಟಿಕೆಟು ಆಗ್ಲಿ ಕಾಕ, ಹೇಳ್ತೇನೆ" ಎಂದುಬಿಟ್ಟೆ. ಫುಕೆಟಿನ ಟಿಕೆಟು ಆಗ ಮೇಜಿನ ಮೇಲೆಯೇ ಇತ್ತು. ಅಂಥ ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಮುಂದಿನ ಶುಕ್ರವಾರ ನಾನು ಫೋನು ಎತ್ತಲಿಲ್ಲ. ಕ್ಲಾಸಿನಲ್ಲಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಮುಂದಿನ ಶುಕ್ರವಾರ ಸ್ಟಾಫ್ ರೂಮಿನಲ್ಲಿ ಖಾಲಿ ಕೂತಿದ್ದೆ, ಆಗಲೂ ಎತ್ತಲಿಲ್ಲ. ಮೊಬೈಲು ಮೇಜಿನ ಮೇಲೆ ನಡುಗಿ ನಡುಗಿ ಸುಮ್ಮನಾಯಿತು. ಹಡಗಿನ ಟಿಕೆಟು ಸಿಗುವುದು ಕಷ್ಟವೆಂದು ಅವರಿಗೆ ಗೊತ್ತಿಲ್ಲವೇ, ಸಿಗಲಿಲ್ಲ ಎಂದು ಅವರೇ ಅಂದಾಜು ಮಾಡಿಕೊಳ್ಳುತ್ತಾರೆ ಎಂದು ಸಮಾಧಾನ ತಂದುಕೊಂಡೆ. ಬಂದ ಮೇಲೆ ನಿಧಾನದಲ್ಲಿ ಮಾತಾಡಿದರಾಯಿತು. ಸೂಟ್‌ಕೇಸಿಗೆ ಬಟ್ಟೆ ತುಂಬುವುದಿತ್ತು, ಮಗಳಿಗೆ ಕಪ್ಪು ಕನ್ನಡಕ ಕೊಳ್ಳುವುದಿತ್ತು.

ಫುಕೆಟ್ ಚಂದ ಇತ್ತು, ಇಲ್ಲವೆನ್ನುವುದಿಲ್ಲ. ನೀರು ನಿಜವಾಗಿಯೂ ನೀಲಿ. ಗಂಡ ಮೊದಲ ದಿನವೇ ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು. ಎರಡನೇ ದಿನ ಬೆಳಗ್ಗೆ ಮಗಳು ನನ್ನ ಮೊಬೈಲಿನಿಂದ ನಮ್ಮ ಮೂವರ ಫೋಟೊವನ್ನು ಸ್ಟೇಟಸ್ಸಿಗೆ ಹಾಕಿದಳು. ಹಿಂದೆ ಕಡಲು, ಮುಂದೆ ಎಳನೀರು ಹಿಡಿದ ನಾವು, ಮೇಲೆ ಊರಿನ ಹೆಸರು ದೊಡ್ಡದಾಗಿ. ಯಾರ್ಯಾರು ನೋಡಿದರು ಎಂದು ನೋಡುವ ಚಪಲ ನನಗೂ ಉಂಟು. ಸಹೋದ್ಯೋಗಿಗಳು, ನಾದಿನಿ, ಹಳೆ ವಿದ್ಯಾರ್ಥಿಗಳು. ಅವರ ನಡುವೆ ನಾನೇ ಬರೆದಿಟ್ಟುಕೊಂಡ ಒಂದು ಹೆಸರು: 'ಕಾಕ ಮೊಮ್ಮಗಳು'.

ಕೂಡಲೇ ಸ್ಟೇಟಸ್ ಅಳಿಸಿದೆ. ನೋಡಿಯಾದ ಮೇಲೆ ಅಳಿಸಿ ಏನು ಪ್ರಯೋಜನ? ಮೊಬೈಲನ್ನು ಕವುಚಿ ಇಟ್ಟು, ದೋಣಿಯಲ್ಲಿ ಎಲ್ಲೆಲ್ಲಿಗೋ ಹೋಗಿ ಬಂದೆ. ಅವತ್ತು ಏನು ನೋಡಿದೆನೆಂದು ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಗಂಡನಿಗೆ ತಲೆನೋವು ಎಂದೆ. ಅಲ್ಲಿಂದಲೇ ಒಂದು ಫೋನು ಮಾಡಬಹುದಿತ್ತು, ಆಗಲೂ ಮಾಡಲಿಲ್ಲ.

ಊರಿಗೆ ಬಂದು ಹತ್ತು ದಿನವಾಗಿರಬೇಕು. ಒಂದು ಭಾನುವಾರ ಬೆಳಗ್ಗೆ ಆ ಹುಡುಗಿ ಫೋನು ಮಾಡಿ, "ಆಂಟಿ, ಉಪ್ಪಾಪ ಒಂದು ಕಟ್ಟು ಕಳಿಸಿದ್ದಾರೆ, ತಂದು ಕೊಡ್ಲಿಕ್ಕುಂಟು" ಎಂದಳು. ಉಪ್ಪಾಪ ಎಂದರೆ ಅಜ್ಜ. ದಸರಾ ರಜೆಗೆ ದ್ವೀಪಕ್ಕೆ ಹೋದವಳು ಹಿಂದಿನ ದಿನವಷ್ಟೇ ಬಂದಿದ್ದಳು. ನಾನು ಅವಳನ್ನು ಅದೇ ಮೊದಲು ನೋಡಿದ್ದು. ಸಣ್ಣಗಿನ ಹುಡುಗಿ, ತಲೆಗೆ ಬಿಳಿ ಶಾಲು, ಬಸ್ಸಿನಲ್ಲಿ ತಂದ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಒಳಗೆ ಒಣಮೀನು, ಬಾಳೆಲೆಯ ಉಂಡೆಗಳು.

ಕೂತುಕೊಂಡ ಮೇಲೆ ಅವಳು ಮೊದಲು ಕೇಳಿದ್ದು, "ಜ್ವರ ಈಗ ಹೇಗುಂಟು ಆಂಟಿ?" ಎಂದು.

ನನಗೆ ಅರ್ಥವಾಗಲಿಲ್ಲ. ಯಾವ ಜ್ವರ? ಅವಳು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಫೋಟೊ ನೋಡಿದವಳು ಅವಳೇ. ಅಷ್ಟಾಗಿಯೂ ಜ್ವರ ಕೇಳುತ್ತಿದ್ದಾಳೆಂದರೆ ಕೇಳು ಎಂದು ಅವಳಿಗೆ ಯಾರೋ ಹೇಳಿದ್ದಾರೆ. ನಾನು "ಕಮ್ಮಿ ಉಂಟು" ಎಂದು ಏನೋ ಗುಣುಗುಣಿಸಿ ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಚಾ ಕುಡಿಯುತ್ತಾ ಅವಳು ಸ್ವಲ್ಪ ಸಡಿಲಾದಳು. ದೂರುವ ಹುಡುಗಿಯಲ್ಲ. ಮನೆಯಲ್ಲಿ ನಡೆದದ್ದನ್ನು ಸುಮ್ಮನೆ ಹೇಳಿದಳು, ಅಷ್ಟೇ. ಎದುರಿನ ಕೋಣೆಗೆ ಸುಣ್ಣ ಬಳಿಸಿದ್ದರಂತೆ. ಬಾವಿಕಟ್ಟೆಯ ಹತ್ತಿರ ಹೊಸದಾಗಿ ಒಂದು ಒಲೆ ಹಾಕಿಸಿದ್ದರಂತೆ. "ಪಾತ್ರೆ ಎಲ್ಲ ಹೊಸತು ಆಂಟಿ. ಇಲ್ಲಿ ಬಂದರಿನಿಂದಲೇ ಮಂಜಿಯಲ್ಲಿ ತರಿಸಿದ್ದು. ನಮ್ಮ ಅಡಿಗೆಗೆ ಒಂದನ್ನೂ ಮುಟ್ಟಿಸ್ಲಿಲ್ಲ, ನನ್ನ ಉಮ್ಮನಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ. ಅವರ ಮನೆಯಲ್ಲಿ ಬೇರೆ ಬೇರೆ ಇಡುವ ಕ್ರಮ ಉಂಟು, ಅವರಿಗೆ ಕಷ್ಟ ಆಗ್ಬಾರ್ದು, ಬೇಕಾದ್ರೆ ಅವರೇ ಮಾಡಿಕೊಂಡು ಉಣ್ಲಿ ಅಂತ ಹೇಳ್ತಿದ್ರು."

ನಮ್ಮ ಮನೆಯಲ್ಲಿ ಬೇರೆ ಬೇರೆ ಇಡುವ ಕ್ರಮ! ಅದು ಕಾಕನಿಗೆ ಹೇಗೆ ಗೊತ್ತೆಂದರೆ, ಜೆಪ್ಪುವಿನ ಮನೆಯಲ್ಲಿ ಬೇರೆ ಇಟ್ಟದ್ದು ಅವರ ಬಟ್ಟಲನ್ನೇ. ಅಮ್ಮ ಕೆಟ್ಟವಳಲ್ಲ, ಕಾಕ ಬರುವ ದಿನ ಅವಳು ಕೋಳಿ ಸಾರು, ಕೋರಿರೊಟ್ಟಿ ಮಾಡಿ ಎರಡೆರಡು ಸಲ ಬಡಿಸುತ್ತಿದ್ದಳು. ಆದರೆ ಬಡಿಸುತ್ತಿದ್ದುದು ಹಿಂದಿನ ಚಾವಡಿಯಲ್ಲಿ, ಮಾಡಿನ ಕೆಳಗಿನ ಹಲಗೆಯ ಮೇಲೆ ಬೇರೆಯೇ ಇರುತ್ತಿದ್ದ ಒಂದು ಬಟ್ಟಲಿನಲ್ಲಿ. ಉಂಡ ಮೇಲೆ ಕಾಕ ತಾವೇ ಅದನ್ನು ತೊಳೆದು, ಕವುಚಿ, ಇದ್ದಲ್ಲೇ ಇಡುತ್ತಿದ್ದರು. ನಾನು ಸಣ್ಣವಳು, ಕಾಕನಿಗೆ ನಮ್ಮಲ್ಲಿ ಸ್ವಂತದ್ದೊಂದು ಬಟ್ಟಲುಂಟು ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ದೊಡ್ಡವಳಾದ ಮೇಲೆ ಅದರ ಬಗ್ಗೆ ಯೋಚಿಸಲೇ ಇಲ್ಲ. ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಸೇಡಿಗಲ್ಲ. ನಾವು ಬಂದರೆ ನಮಗೆ ಮುಜುಗರವಾಗಬಾರದು ಎಂದು.

"ಹಡಗಿಗೆ ಹೋಗಿದ್ರಾ?" ಎಂದು ಕೇಳಿದೆ. ಕೇಳದೆ ಇರಲಿಕ್ಕಾಗಲಿಲ್ಲ.

"ಎರಡು ಹಡಗು ಬಂತು ಆ ವಾರ. ಎರಡಕ್ಕೂ ಹೋದ್ರು. ದೋಣಿಯವರಿಗೆ ಮೊದಲೇ ಹೇಳಿ ಇಟ್ಟಿದ್ರು. ಕೊನೆಯ ದೋಣಿ ಬರುವವರೆಗೆ ಕೂತಿದ್ರು." ಆಮೇಲೆ ಅವಳು ಗ್ಲಾಸು ಕೆಳಗಿಟ್ಟು, "ನಾನು ಫೋಟೊ ವಿಷಯ ಉಪ್ಪಾಪನಿಗೆ ಒಬ್ಬರಿಗೇ ಹೇಳಿದ್ದು ಆಂಟಿ, ಬೇರೆ ಯಾರಿಗೂ ಹೇಳ್ಲಿಲ್ಲ" ಎಂದಳು. ನನ್ನ ಮರ್ಯಾದೆ ಉಳಿಸಿದ ಹಾಗೆ ಹೇಳಿದಳು. ಇಪ್ಪತ್ತು ವರ್ಷದ ಹುಡುಗಿ.

ಅವಳು ಹೋದ ಮೇಲೆ ಗಂಡ ಉಂಡೆಯ ಬಾಳೆಲೆ ಬಿಚ್ಚಿದವರು ಹಾಗೇ ಮಡಿಚಿ ಇಟ್ಟರು. ನಾನು ಅಂಗಳಕ್ಕೆ ಹೋಗಿ ಕಾಕನಿಗೆ ಫೋನು ಮಾಡಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಿದ್ದೆ. ಸುಳ್ಳು ಹೇಳಿದೆ ಕಾಕ, ನಿಮಗೆ ಅವಮಾನ ಮಾಡಿದೆ, ಕ್ಷಮಿಸಿ. ಮೂರು ವಾಕ್ಯ.

"ಕಾಕ, ನಾನು ನಿಮ್ಮಲ್ಲಿ ಒಂದು ಸತ್ಯ ಹೇಳ್ಬೇಕು. ನಮಗೆ ಜ್ವರ ಗಿರ ಎಂತದೂ..."

"ಬೇಡ ಮೋಳೇ" ಎಂದರು. ಸ್ವರದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನನಗೆ ಗೊತ್ತುಂಟು. ನೀನು ಹೇಳ್ಬೇಡ."

"ಆದ್ರೆ ನೀವು ಎರಡನೇ ಹಡಗಿಗೂ..."

"ಮೊದಲನೇ ಹಡಗಿಗೆ ಹೋದದ್ದು ನಿಮ್ಮನ್ನು ಕರಕೊಂಡು ಬರ್ಲಿಕ್ಕೆ" ಎಂದರು. "ಮರುದಿನ ಮೊಮ್ಮಗಳು ಫೋಟೊ ವಿಷಯ ಹೇಳಿದ್ಳು. ಮತ್ತೆ ನಾನು ಎರಡನೇ ಹಡಗಿಗೆ ಹೋಗದೆ ಕೂತ್ರೆ ಊರಿನವರು ಎಂತ ಹೇಳ್ತಾರೆ? ಧಣಿಯ ಮಗಳು ಬರುವುದಿಲ್ಲ ಅಂತ ಇವನಿಗೆ ಮೊದಲೇ ಗೊತ್ತಿತ್ತು, ಅವಳು ಬೇಡ ಅಂದಿದ್ದಾಳೆ ಅಂತ ಹೇಳ್ತಾರೆ. ಅದಕ್ಕೆ ಹೋಗಿ ಕೂತೆ. ಮನೆಗೆ ಬಂದು, ಫೋನು ಬಂತು, ನಿನಗೆ ಜೋರು ಜ್ವರ ಅಂತ ಎಲ್ಲರಿಗೂ ಹೇಳಿದೆ. ಪಳ್ಳಿಯಲ್ಲಿ ನಿನಗೋ‌ಸ್ಕರ ದುವಾ ಮಾಡಿದ್ದಾರೆ. ಇನ್ನು ನೀನು ಬೇರೆ ಎಂತದೂ ಹೇಳಬಾರ್ದು."

ನಾನು ಮುಖ ನೋಡದ ಜನ, ನನಗೆ ಬಾರದ ಜ್ವರ ಇಳಿಯಲಿ ಎಂದು ಮಸೀದಿಯಲ್ಲಿ ಕೈಯೆತ್ತಿ ಪ್ರಾರ್ಥನೆ ಮಾಡಿದ್ದರು. ಐದು ಹೊತ್ತು ನಮಾಜು ಮಾಡುವ ಮನುಷ್ಯ ತನ್ನ ಎಂಬತ್ತನೇ ವಯಸ್ಸಿನಲ್ಲಿ, ತನ್ನ ಊರಿನವರೆದುರು, ನನ್ನ ಅಪ್ಪನ ಹೆಸರು ಕೆಡಬಾರದೆಂದು ಸುಳ್ಳು ಹೇಳಿದ್ದರು. ಕ್ಷಮಿಸಿ ಎನ್ನಲಿಕ್ಕೂ ಅವರು ಎಡೆ ಕೊಟ್ಟಿರಲಿಲ್ಲ. ಅಂಗಳದಲ್ಲಿ ನಿಂತು ಮೊಬೈಲು ಕಿವಿಗೆ ಒತ್ತಿಕೊಂಡು ಅತ್ತೆ. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ.

ಆಗ ಆ ಕಡೆ ಬಾಗಿಲು ತೆರೆದ ಸದ್ದು, ಒಬ್ಬಿಬ್ಬರು ಸಲಾಂ ಹೇಳಿ ಒಳಗೆ ಬಂದದ್ದು ಕೇಳಿಸಿತು. ಯಾರ ಫೋನು ಎಂದು ಯಾರೋ ಕೇಳಿದರು. ಮಂಗಳೂರಿನ ಧಣಿಯ ಮಗಳು ಎಂದು ಕಾಕ ಅವರಿಗೆ ಮಲಯಾಳದಲ್ಲಿ ಹೇಳಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಸ್ವರ ಎತ್ತರಿಸಿ ನನ್ನಲ್ಲಿ ಕೇಳಿದರು: "ಜ್ವರ ಪೂರಾ ಬಿಟ್ಟಿತಾ ಮೋಳೇ?"

"ಬಿಟ್ಟಿತು ಕಾಕ" ಎಂದೆ.